‘ಡೆಸ್ಪೆರಾಡೊ’ ಆಲ್ಬಂ: ಬಿಡಿ ಹಾಡುಗಳ ಕಟ್ಟೋ, ಒಂದೇ ಕಥೆಯೋ?

ಹಳೆಯ ಕ್ಯಾಸೆಟ್:
ಈಗಲ್ಸ್ ಬ್ಯಾಂಡಿನ ‘ಡೆಸ್ಪೆರಾಡೊ’ ಹಾಡನ್ನು ನಾನು ಮೂವತ್ತು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಹಾಸ್ಟೆಲಿನಲ್ಲಿದ್ದಾಗ ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್ಟಿನಲ್ಲಿ ಆ ಬ್ಯಾಂಡಿನ 1971ರಿಂದ 1975ರವರೆಗಿನ ಜನಪ್ರಿಯ ಹಾಡುಗಳಿದ್ದವು. ಮೊದಲ ಬದಿಯ ಕೊನೆಯಲ್ಲಿ ಈ ಹಾಡು ಬರುತ್ತಿತ್ತು, ಅದು ಮುಗಿದೊಡನೆ ಟೇಪ್ ರೆಕಾರ್ಡರಿನ ಗುಂಡಿ ಟಪ್ಪೆಂದು ಮೇಲೇಳುತ್ತಿತ್ತು. ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಗೆಳೆಯನೊಬ್ಬನಿಗೆ ಬುದ್ಧಿ ಹೇಳುವ ಹಾಡು ಎಂದಷ್ಟೇ ನಾನು ತಿಳಿದುಕೊಂಡಿದ್ದೆ.

ಕಳೆದ ತಿಂಗಳು 1973ರ ಮೂಲ ಆಲ್ಬಮನ್ನು ಮೊದಲ ಸಲ ಪೂರ್ತಿಯಾಗಿ ಕೇಳಿದೆ. ಹನ್ನೊಂದು ಟ್ರ್ಯಾಕುಗಳು, ಮೂವತ್ತಾರು ನಿಮಿಷಕ್ಕೂ ಕಡಿಮೆ. ಅಮೆರಿಕದ ಪಶ್ಚಿಮ ಸೀಮೆಯ ಡಾಲ್ಟನ್ ಮತ್ತು ಡೂಲಿನ್ ಎಂಬ ದರೋಡೆಕೋರರ ಹಾಡಿನಿಂದ ಅದು ಆರಂಭವಾಗುತ್ತದೆ, ನಡುವೆ ಅದೇ ರಾಗವನ್ನು ಬ್ಯಾಂಜೊ ಒಂದು ನಿಮಿಷದೊಳಗೆ ನೆನಪಿಸಿ ಹೋಗುತ್ತದೆ, ಕೊನೆಯಲ್ಲಿ ಆ ದರೋಡೆಕೋರರ ಹಾಡೂ ನನಗೆ ಗೊತ್ತಿದ್ದ ‘ಡೆಸ್ಪೆರಾಡೊ’ ಹಾಡೂ ಒಂದರೊಳಗೊಂದು ಸೇರಿಕೊಳ್ಳುತ್ತವೆ. ಆ ಕೊನೆಯ ನಿಮಿಷಗಳನ್ನು ಕೇಳಿದಾಗ ಮೈ ಜುಮ್ಮೆಂದಿತು. ಮೂವತ್ತು ವರ್ಷ ಒಂದು ಕಾದಂಬರಿಯ ನಡುವಿನ ಹಾಳೆಯೊಂದನ್ನು ಮಾತ್ರ ಓದಿಕೊಂಡು ಬಂದಿದ್ದೆನಲ್ಲ ಎನಿಸಿತು.

ಆದರೆ ಅನುಮಾನವೂ ಇದೆ. ಇದು ಬಿಡುಗಡೆಯಾದಾಗ ಅಮೆರಿಕದಲ್ಲಿ ಆಲ್ಬಂಗಳ ಜನಪ್ರಿಯತೆಯನ್ನು ಅಳೆಯುವ ಬಿಲ್‌ಬೋರ್ಡ್ ಪಟ್ಟಿಯಲ್ಲಿ 41ನೇ ಸ್ಥಾನದ ಮೇಲೆ ಏರಲೇ ಇಲ್ಲ. ನಡುವಿನ ಕೆಲವು ಹಾಡುಗಳಿಗೂ ದರೋಡೆಕೋರರಿಗೂ ಏನು ಸಂಬಂಧವೆಂದು ತಿಳಿಯಲಿಲ್ಲ. ಇದನ್ನು ನಿಜಕ್ಕೂ ಕಾನ್ಸೆಪ್ಟ್ ಆಲ್ಬಂ, ಅಂದರೆ ಹಾಡುಗಳೆಲ್ಲ ಸೇರಿ ಒಂದೇ ಕಥೆ ಹೇಳುವ ಆಲ್ಬಂ, ಎನ್ನಬಹುದೇ? ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತವನ್ನು ರಾಕ್ ಜೊತೆ ಬೆರೆಸಿದ ಕಂಟ್ರಿ ರಾಕ್ ಇತಿಹಾಸದಲ್ಲಿ ಇದಕ್ಕೆ ಇಷ್ಟು ದೊಡ್ಡ ಸ್ಥಾನ ಏಕೆ? ಬಲ್ಲವರು ತಿಳಿಸಿಕೊಡಬೇಕು.

ಆರು ತಂತಿ:
ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಮೊದಲು ಹಿನ್ನೆಲೆಯನ್ನು ಹೇಳಿಬಿಡುತ್ತೇನೆ.

ಕಂಟ್ರಿ ರಾಕ್ ಈಗಲ್ಸ್‌ನವರಿಂದ ಹುಟ್ಟಿದ್ದಲ್ಲ. ಗ್ರಾಮ್ ಪಾರ್ಸನ್ಸ್ ಜೊತೆಗೂಡಿ ಬರ್ಡ್ಸ್ ಬ್ಯಾಂಡ್ 1968ರಲ್ಲಿ ‘ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೊ’ ತಂದಿತು, ಮರುವರ್ಷ ಪಾರ್ಸನ್ಸ್ ಅವರ ಫ್ಲೈಯಿಂಗ್ ಬರಿಟೊ ಬ್ರದರ್ಸ್ ಬಂತು. ಈಗಲ್ಸ್‌ನ ಬರ್ನಿ ಲೆಡನ್ ಆ ಬರಿಟೊ ಬ್ರದರ್ಸ್‌ನಲ್ಲಿ ನುಡಿಸಿ ಬಂದವರು, ರ‍್ಯಾಂಡಿ ಮೈಸ್ನರ್ ಪೋಕೊ ಬ್ಯಾಂಡಿನಿಂದ ಬಂದವರು. ಡಾನ್ ಹೆನ್ಲಿ ಟೆಕ್ಸಸ್‌ನ ಲಿಂಡನ್ ಎಂಬ ಸಣ್ಣ ಊರಿನವರು, ಗ್ಲೆನ್ ಫ್ರೇ ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ನವರು. ನಾಲ್ವರೂ 1971ರಲ್ಲಿ ಗಾಯಕಿ ಲಿಂಡಾ ರಾನ್‌ಸ್ಟಾಟ್ ಅವರಿಗೆ ಪಕ್ಕವಾದ್ಯದವರಾಗಿದ್ದರು. ಮೊದಲ ಆಲ್ಬಂ 1972ರಲ್ಲಿ ಬಂದು ಗೆದ್ದಿತು. ಎರಡನೆಯದರಲ್ಲಿಯೂ ಅದೇ ಬಗೆಯ ಮೂರು ಹಿಟ್ ಹಾಡು ಕೊಟ್ಟು ಸುಮ್ಮನಿರಬಹುದಿತ್ತು. ಹಾಗೆ ಮಾಡದೆ, 19ನೇ ಶತಮಾನದ ಕೊನೆಯ ದರೋಡೆಕೋರರ ಬದುಕನ್ನು ರಾಕ್ ಸಂಗೀತಗಾರರ ಬದುಕಿಗೆ ಕನ್ನಡಿಯಾಗಿ ಹಿಡಿದರು.

ಕಾನ್ಸೆಪ್ಟ್ ಆಲ್ಬಂ ಎಂದರೆ ಆಗ ಬಹುಮಟ್ಟಿಗೆ ಬ್ರಿಟಿಷ್ ರಾಕ್ ಬ್ಯಾಂಡುಗಳ ಸೊತ್ತಾಗಿತ್ತು. ದಿ ಹೂ ಬ್ಯಾಂಡಿನ ‘ಟಾಮಿ’ 1969ರಲ್ಲಿ ಬಂದಿತ್ತು. ಬ್ಯಾಂಜೊ, ಹಾರ್ಮೋನಿಕಾ, ನಾಲ್ಕು ದನಿಗಳ ಮೇಳ ಇಟ್ಟುಕೊಂಡು ಅಮೆರಿಕದ ಸ್ವಂತ ನೆಲದ ಕಥೆಯನ್ನು ಒಂದು ಎಲ್‌ಪಿಯ ಉದ್ದಕ್ಕೂ ಹೆಣೆದದ್ದೇ ಇದರ ಹೆಚ್ಚುಗಾರಿಕೆ ಎಂದು ನನ್ನ ನಂಬಿಕೆ.

ನಿಷ್ಠುರವಾದಿ:
ಹೆಚ್ಚುಗಾರಿಕೆ ಸ್ವಲ್ಪ ಹೆಚ್ಚೇ ಆಯಿತು. ಅಮೆರಿಕದ ಪಶ್ಚಿಮ ಸೀಮೆಯ ಕಥೆಗಳನ್ನು ಒಂದೇ ಎಲ್‌ಪಿಯಲ್ಲಿ ಕೂಡಿಸಿದವರಲ್ಲಿ ಇವರು ಮೊದಲಿಗರಲ್ಲ. ಮಾರ್ಟಿ ರಾಬಿನ್ಸ್ 1959ರಲ್ಲಿಯೇ ಬಂದೂಕುಗಾರರ ಲಾವಣಿಗಳ ಆಲ್ಬಂ ತಂದಿದ್ದರು. ಎಲ್ಟನ್ ಜಾನ್ 1970ರಲ್ಲಿ ಲಂಡನ್ನಿನಲ್ಲಿ ಕುಳಿತು ‘ಟಂಬಲ್‌ವೀಡ್ ಕನೆಕ್ಷನ್’ ಮಾಡಿದರು. ಈ ಎರಡನ್ನೂ ಬಿಟ್ಟು ಮಾತನಾಡುವುದು ನ್ಯಾಯವಲ್ಲ.

ಆರು ತಂತಿ:
ತಿದ್ದುಪಡಿಯನ್ನು ಒಪ್ಪುತ್ತೇನೆ. ಒಂದು ಮಾತನ್ನು ಮಾತ್ರ ಸೇರಿಸುತ್ತೇನೆ: ‘ಡೆಸ್ಪೆರಾಡೊ’ ಕೂಡ ಲಂಡನ್ನಿನ ಐಲ್ಯಾಂಡ್ ಸ್ಟುಡಿಯೊದಲ್ಲಿ ಧ್ವನಿಮುದ್ರಣವಾದದ್ದು. ನಿರ್ಮಾಪಕ ಗ್ಲಿನ್ ಜಾನ್ಸ್ ಇಂಗ್ಲೆಂಡಿನವರು. ಕ್ಯಾನ್ಸಸ್‌ನ ಧೂಳು, ಓಕ್ಲಹೋಮಾದ ಬಯಲು ಎಲ್ಲವೂ ಲಂಡನ್ನಿನ ಚಳಿಯಲ್ಲಿ ಹುಟ್ಟಿದವು.

ತುಂಗಾತೀರ:
ಹಾಡು ಎಲ್ಲರಿಗೂ ಗೊತ್ತು, ಆಲ್ಬಂ ಯಾರಿಗೂ ಗೊತ್ತಿಲ್ಲ. ಚರ್ಚೆ ಆರಂಭಿಸಿದ್ದಕ್ಕೆ ಧನ್ಯವಾದಗಳು.

ಇತಿಹಾಸದ ವಿದ್ಯಾರ್ಥಿ:
ಹಾಡುಗಳ ಹಿಂದಿನ ಘಟನೆಯನ್ನು ತಿಳಿದುಕೊಂಡು ಕೇಳಿದರೆ ಆಲ್ಬಮಿನ ಬಿಗಿ ಗೊತ್ತಾಗುತ್ತದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

1892ರ ಅಕ್ಟೋಬರ್ 5ರ ಬೆಳಿಗ್ಗೆ ಬಾಬ್, ಗ್ರ್ಯಾಟ್ ಮತ್ತು ಎಮೆಟ್ ಡಾಲ್ಟನ್ ಸಹೋದರರು ಬಿಲ್ ಪವರ್ ಹಾಗೂ ಡಿಕ್ ಬ್ರಾಡ್‌ವೆಲ್ ಎಂಬ ಇಬ್ಬರನ್ನು ಕೂಡಿಕೊಂಡು ಕ್ಯಾನ್ಸಸ್‌ನ ಕಾಫಿವಿಲ್ ಎಂಬ ಊರಿಗೆ ಕುದುರೆಯ ಮೇಲೆ ಬಂದರು. ಒಂದೇ ಹೊತ್ತಿಗೆ ಎರಡು ಬ್ಯಾಂಕುಗಳನ್ನು ದೋಚುವುದು ಅವರ ಹಂಚಿಕೆ. ಅವರು ಆ ಸುತ್ತಿನಲ್ಲಿಯೇ ಬೆಳೆದವರು, ಹೀಗಾಗಿ ಸುಳ್ಳು ಗಡ್ಡ ಅಂಟಿಸಿಕೊಂಡಿದ್ದರೂ ಊರಿನವರು ಗುರುತು ಹಿಡಿದರು. ಕುದುರೆ ಕಟ್ಟುವ ಕಂಬವನ್ನು ರಸ್ತೆ ಕೆಲಸಕ್ಕಾಗಿ ಕಿತ್ತಿದ್ದರಿಂದ ಹಿಂದಿನ ಓಣಿಯಲ್ಲಿ ಕುದುರೆಗಳನ್ನು ಕಟ್ಟಬೇಕಾಯಿತು. ಕಾಂಡನ್ ಬ್ಯಾಂಕಿನ ಸಿಬ್ಬಂದಿಯೊಬ್ಬರು ತಿಜೋರಿಗೆ ಗಡಿಯಾರದ ಬೀಗವಿದೆ, ಈಗಲೇ ತೆರೆಯಲಾಗದು ಎಂದು ಸುಳ್ಳು ಹೇಳಿ ಕೆಲವು ನಿಮಿಷ ತಡೆದರು. ಅಷ್ಟರಲ್ಲಿ ಊರಿನವರು ಹಾರ್ಡ್‌ವೇರ್ ಅಂಗಡಿಗೆ ನುಗ್ಗಿ ಬಂದೂಕು ಹಿಡಿದರು. ಕೊನೆಗೆ ನಾಲ್ವರು ದರೋಡೆಕೋರರು ಸತ್ತರು, ಊರಿನ ನಾಲ್ವರೂ ಸತ್ತರು. ಎಮೆಟ್ ಒಬ್ಬನೇ, ಇಪ್ಪತ್ತಕ್ಕೂ ಹೆಚ್ಚು ಗಾಯಗಳೊಂದಿಗೆ ಬದುಕಿದ.

ಆಗ ಎಮೆಟ್‌ಗೆ ವಯಸ್ಸು 21. ಆಲ್ಬಮಿನ ಎರಡನೆಯ ಹಾಡಿನ ಹೆಸರು ‘ಟ್ವೆಂಟಿ ಒನ್’. ಬರ್ನಿ ಲೆಡನ್ ಬರೆದ ಆ ಹಾಡಿನಲ್ಲಿ ಇಪ್ಪತ್ತೊಂದರ ಹುಡುಗನೊಬ್ಬ ತನ್ನ ತೋಳ್ಬಲವನ್ನೂ ಬಿಡುಗಡೆಯನ್ನೂ ಕೊಂಡಾಡಿಕೊಳ್ಳುತ್ತಾನೆ. ಮುಂದೆ ಅವನಿಗೆ ಒದಗಲಿರುವುದು ಕೇಳುಗನಿಗೆ ಗೊತ್ತು, ಹಾಡುತ್ತಿರುವವನಿಗೆ ಗೊತ್ತಿಲ್ಲ.

ನಿಷ್ಠುರವಾದಿ:
ಎಮೆಟ್ ಸರಿ. ಆದರೆ ಡೂಲಿನ್ ಎಲ್ಲಿಂದ ಬಂದ? ಕಾಫಿವಿಲ್‌ನಲ್ಲಿ ಬಿಲ್ ಡೂಲಿನ್ ಇರಲೇ ಇಲ್ಲವಲ್ಲ.

ಇತಿಹಾಸದ ವಿದ್ಯಾರ್ಥಿ:
ಇರಲಿಲ್ಲ, ನಿಜ. ಅಲ್ಲಿ ಇರದಿದ್ದ ಕಾರಣಕ್ಕೇ ಬದುಕಿಕೊಂಡು, ಉಳಿದವರನ್ನು ಕೂಡಿಸಿ ಹೊಸ ತಂಡ ಕಟ್ಟಿದ. ಮತ್ತೊಬ್ಬ ಸಹೋದರ ಬಿಲ್ ಡಾಲ್ಟನ್ ಆ ತಂಡವನ್ನು ಸೇರಿದ. ಮೊದಲ ಹಾಡಿನ ಸಾಲುಗಳನ್ನು ಗಮನವಿಟ್ಟು ಕೇಳಿ: ಕಾಫಿವಿಲ್‌ನಲ್ಲಿ ಇಬ್ಬರು ಸಹೋದರರು ಸತ್ತು ಬಿದ್ದಿದ್ದಾರೆಂಬ ಮಾತನ್ನು ಬಿಲ್ ಡಾಲ್ಟನ್‌ಗೆ ಹೇಳಲಾಗುತ್ತದೆ. ಸತ್ತ ಸಹೋದರರು ಬಾಬ್ ಮತ್ತು ಗ್ರ್ಯಾಟ್, ಲೆಕ್ಕ ಸರಿಯಾಗಿದೆ. ಅಂದರೆ ಆಲ್ಬಮಿನ ಕಥೆ ಆ ದರೋಡೆಯಿಂದ ಆರಂಭವಾಗುವುದಿಲ್ಲ, ದರೋಡೆ ಕೆಟ್ಟ ಮೇಲೆ ಉಳಿದವರಿಂದ ಆರಂಭವಾಗುತ್ತದೆ. ಬಿಲ್ ಡಾಲ್ಟನ್ 1894ರಲ್ಲಿ, ಡೂಲಿನ್ 1896ರಲ್ಲಿ ಗುಂಡಿಗೆ ಬಲಿಯಾದರು. ಹತ್ತನೆಯ ಟ್ರ್ಯಾಕ್ ‘ಬಿಟರ್ ಕ್ರೀಕ್’ ಇದೆಯಲ್ಲ, ಆ ತಂಡದ ಜಾರ್ಜ್ ನ್ಯೂಕಂಬ್‌ಗೆ ಇದ್ದ ಅಡ್ಡಹೆಸರೇ ಅದು. ಅವನು 1895ರಲ್ಲಿ ಸತ್ತ. ಹಾಡಿನಲ್ಲಿ ಮಾತ್ರ ಆ ಹೆಸರು ಕಹಿ ಹಳ್ಳವೇ ಆಗಿದೆ, ಅದರೊಳಕ್ಕೆ ಆಳವಾಗಿ ಇಳಿಯಬೇಡ ಮಗನೇ ಎಂದು ಮುದುಕನೊಬ್ಬ ಎಚ್ಚರಿಸುತ್ತಾನೆ.

ಹಳೆಯ ಕ್ಯಾಸೆಟ್:
ಇದು ನನಗೆ ಹೊಳೆದೇ ಇರಲಿಲ್ಲ. ‘ಬಿಟರ್ ಕ್ರೀಕ್’ ಸುಮ್ಮನೆ ಒಂದು ಊರ ಹೆಸರೆಂದುಕೊಂಡು ದಾಟಿ ಹೋಗಿದ್ದೆ.

ನಿಷ್ಠುರವಾದಿ:
ಇತಿಹಾಸಕ್ಕೆ ತಲೆಬಾಗುತ್ತೇನೆ, ಆದರೆ ನನ್ನ ಆಕ್ಷೇಪ ಹಾಗೆಯೇ ಉಳಿದಿದೆ. ‘ಟಕೀಲಾ ಸನ್‌ರೈಸ್’ ಈ ಕಥೆಯಲ್ಲಿ ಏನು ಮಾಡುತ್ತಿದೆ? ಅದೊಂದು ಬಾರಿನ ಹಾಡು. ಆ ಹೆಸರಿನ ಮದ್ಯದ ಪಾನೀಯ ಜನಪ್ರಿಯವಾದದ್ದು 1970ರ ದಶಕದ ಆರಂಭದಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. 1892ರ ಕುದುರೆ ಸವಾರನ ಕೈಗೆ ಅದು ಬರುವುದು ಹೇಗೆ? ‘ಔಟ್‌ಲಾ ಮ್ಯಾನ್’ ಅಂತೂ ಬ್ಯಾಂಡಿನವರ ಸ್ವಂತ ಹಾಡೂ ಅಲ್ಲ, ಡೇವಿಡ್ ಬ್ಲೂ ಬರೆದದ್ದು. ಒಂದು ಹೊಸ ಕಥೆ ಕಟ್ಟಲು ಹೊರಟವರು ಹೊರಗಿನಿಂದ ಹಾಡು ತಂದು ಸೇರಿಸುತ್ತಾರೆಯೇ? ಮೊದಲ ಹಾಡು, ನಡುವಿನ ಬ್ಯಾಂಜೊ, ಕೊನೆಯ ಮರುಗಾಯನ, ಈ ಮೂರನ್ನು ತೆಗೆದುಬಿಟ್ಟರೆ ಉಳಿಯುವುದು ಒಳ್ಳೆಯ ಹಾಡುಗಳ ಒಂದು ಸಾಧಾರಣ ಕಟ್ಟು. ಹೆನ್ಲಿ ಅವರೇ ಎಷ್ಟೋ ವರ್ಷಗಳ ಮೇಲೆ, ದರೋಡೆಕೋರರಿಗೂ ತಮಗೂ ಮಾಡಿದ ಹೋಲಿಕೆ ಅತಿಯಾಗಿತ್ತು ಎಂಬ ಅರ್ಥದ ಮಾತನ್ನಾಡಿದ್ದಾರೆ.

ಸಂಜೆಮಲ್ಲಿಗೆ:
ಮನೆಯ ತೊಲೆಗಳನ್ನೇ ತೆಗೆದುಬಿಟ್ಟರೆ ಉಳಿಯುವುದು ಹೆಂಚಿನ ರಾಶಿ ಎಂದಂತಾಯಿತು. ತೊಲೆ ಇರುವುದು ಹೊರುವುದಕ್ಕಾಗಿಯೇ ಅಲ್ಲವೇ?

ನಿಮ್ಮ ಪ್ರಶ್ನೆಗೆ ಉತ್ತರ ಎರಡನೆಯ ಬದಿಯ ಮೊದಲ ಹಾಡಿನಲ್ಲಿದೆ ಎಂದು ನನಗೆ ಅನಿಸುತ್ತದೆ. ಅದು ಮೈಸ್ನರ್ ಹಾಡಿದ ‘ಸರ್ಟನ್ ಕೈಂಡ್ ಆಫ್ ಫೂಲ್’. ಬಡ ಮನೆಯ ಹುಡುಗನೊಬ್ಬ ಪಟ್ಟಣಕ್ಕೆ ಓಡಿಬರುತ್ತಾನೆ. ಬೀದಿಯಲ್ಲಿ ಅಲೆಯುತ್ತಿರುವಾಗ ಅಂಗಡಿಯ ಗಾಜಿನ ಹಿಂದೆ ಅವನಿಗೆ ‘ಅದು’ ಕಾಣುತ್ತದೆ. ಕೈಗೆತ್ತಿಕೊಂಡರೆ ಹೊಳೆಯುತ್ತದೆ, ನುಣುಪಾಗಿದೆ. ಊರಾಚೆಗೆ ಒಯ್ದು ಬಿಡುವಿಲ್ಲದೆ ಹಗಲೂ ರಾತ್ರಿ ಅಭ್ಯಾಸ ಮಾಡುತ್ತಾನೆ, ಒಂದು ದಿನ ಘಟಾನುಘಟಿಗಳ ಪಕ್ಕದಲ್ಲಿ ನಿಲ್ಲಬಲ್ಲೆನೆಂದು ಅವನಿಗೆ ತಿಳಿಯುತ್ತದೆ. ಇಡೀ ಹಾಡಿನಲ್ಲಿ ಎಲ್ಲಿಯೂ ಬಂದೂಕು ಎಂಬ ಪದವಿಲ್ಲ, ಗಿಟಾರ್ ಎಂಬ ಪದವೂ ಇಲ್ಲ. ‘ಅದು’ ಎಂಬ ಸರ್ವನಾಮವೊಂದೇ ಇದೆ. ಬಂದೂಕೆಂದು ಕೇಳಿಸಿಕೊಂಡರೆ ಅದು ಡಾಲ್ಟನ್ ಹುಡುಗನ ಕಥೆ, ಗಿಟಾರ್ ಎಂದು ಕೇಳಿಸಿಕೊಂಡರೆ ಹಾಡುತ್ತಿರುವವರದೇ ಕಥೆ.

ನನ್ನ ತಮ್ಮ ಹದಿನೇಳರ ಹುಡುಗನಾಗಿದ್ದಾಗ ಅಂಗಡಿಯೊಂದರ ಗಾಜಿನ ಹಿಂದೆ ತೂಗುಹಾಕಿದ್ದ ಕೆಂಪು ಗಿಟಾರನ್ನು ನೋಡಲು ದಿನವೂ ಒಂದು ನಿಲ್ದಾಣ ಮೊದಲೇ ಬಸ್ಸಿಳಿದು ನಡೆದುಬರುತ್ತಿದ್ದ. ಅದನ್ನು ಕೊಂಡ ಮೇಲೆ ಎಡಗೈ ಬೆರಳುಗಳ ತುದಿ ಬಿರಿದು ರಕ್ತ ಬಂದರೂ ನಿಲ್ಲಿಸುತ್ತಿರಲಿಲ್ಲ, ಊಟಕ್ಕೆ ಕುಳಿತಾಗ ಸಾರಿನ ಖಾರ ಆ ಗಾಯಕ್ಕೆ ತಾಗದಿರಲೆಂದು ಅಮ್ಮ ತುತ್ತು ಮಾಡಿ ಕೊಡುತ್ತಿದ್ದಳು. ಈ ಹಾಡನ್ನು ಕೇಳಿದಾಗಲೆಲ್ಲ ನನಗೆ ಆ ಬೆರಳುಗಳು ನೆನಪಾಗುತ್ತವೆ. ಕಾಫಿವಿಲ್‌ನ ಹುಡುಗರಿಗೂ ಲಾಸ್ ಏಂಜಲೀಸ್‌ನ ಹುಡುಗರಿಗೂ ಮೊದಲು ಇದ್ದದ್ದು ಆ ಒಂದೇ ಹಸಿವು. ಆಲ್ಬಮಿನ ಕಥೆ ಇರುವುದು ಆ ಹಸಿವಿನಲ್ಲಿ. ದಿನಾಂಕಗಳ ಜೋಡಣೆ ಅದಕ್ಕೆ ಮುಖ್ಯವಲ್ಲ.

ಆರು ತಂತಿ:
ಬಹಳ ಚೆನ್ನಾಗಿ ಹೇಳಿದಿರಿ ಮೇಡಂ. ‘ಟಕೀಲಾ ಸನ್‌ರೈಸ್’ ಕೂಡ ಆ ದಾರಿಯಲ್ಲಿಯೇ ಕೂರುತ್ತದೆ. ಅದರಲ್ಲಿ ಬರುವವನು ಕೂಲಿಯಾಳು, ತನ್ನ ಕನಸನ್ನು ನಾಳೆಗೆ ಮುಂದೂಡುತ್ತಾ ಇನ್ನೊಬ್ಬರ ಕೆಲಸ ಮಾಡುವವನು. ದರೋಡೆಗೆ ಇಳಿಯುವ ಮೊದಲು ಡೂಲಿನ್ ದನದ ಫಾರ್ಮಿನಲ್ಲಿ ಆಳಾಗಿದ್ದ. ಪಾನೀಯ ಕ್ಯಾಲಿಫೋರ್ನಿಯಾದ್ದು, ಕುಡಿಯುವವನ ಅವಸ್ಥೆ ಎರಡೂ ಕಾಲದ್ದು.

ನಿಷ್ಠುರವಾದಿ:
‘ಅದು’ ಎಂಬ ಸರ್ವನಾಮದ ವಿಷಯವನ್ನು ನಾನು ಗಮನಿಸಿರಲಿಲ್ಲ. ಈಗಲೇ ಹಾಕಿ ಕೇಳಿದೆ, ನೀವು ಹೇಳಿದ್ದು ಸರಿ. ಆದರೂ ‘ಔಟ್ ಆಫ್ ಕಂಟ್ರೋಲ್’ ಹಾಡನ್ನು ನನ್ನಿಂದ ಸಮರ್ಥಿಸಲು ಆಗುವುದಿಲ್ಲ. ಅದು ಗದ್ದಲಕ್ಕಾಗಿ ಸೇರಿಸಿದ ಗದ್ದಲ.

ಸಂಜೆಮಲ್ಲಿಗೆ:
ಅದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಪದಸಾಗರ:
ವಿಷಯದೊಳಗಿನ ಒಂದು ಸಣ್ಣ ಕವಲು. ‘ಡೆಸ್ಪೆರಾಡೊ’ ಎಂಬ ಪದವನ್ನು ಕನ್ನಡದಲ್ಲಿ ಏನೆನ್ನಬೇಕು? ದರೋಡೆಕೋರ ಎಂದರೆ ಅವನ ಕಸುಬು ಮಾತ್ರ ಬಂತು. ಪದದ ಬೇರಿನಲ್ಲಿರುವುದು ಹತಾಶೆ, ಆಸೆ ಬಿಟ್ಟವನು ಎಂಬ ಅರ್ಥ. ‘ಗತಿಗೆಟ್ಟವನು’ ಎಂದರೆ ಹತ್ತಿರವಾದೀತೇ?

ತುಂಗಾತೀರ:
‘ಪುಂಡ’ ಎನ್ನಬಹುದು.

ಪದಸಾಗರ:
ಪುಂಡನಲ್ಲಿ ಉಡಾಫೆ ಇದೆ, ದುಃಖವಿಲ್ಲ. ಈ ಹಾಡಿನವನು ಬೇಲಿಯ ಆಚೆಗೇ ತಿರುಗುತ್ತಾ ಒಳಗೆ ಬರಲು ಒಪ್ಪದವನು. ಒಬ್ಬನೇ ನಡೆಯುವುದನ್ನೇ ಸ್ವಾತಂತ್ರ್ಯವೆಂದು ತಿಳಿದವನು, ಆ ಸ್ವಾತಂತ್ರ್ಯವೇ ಅವನಿಗೆ ಸೆರೆಮನೆಯಾಗಿದೆ. ಬೈಗುಳವೂ ಮರುಕವೂ ಒಟ್ಟಿಗೆ ಇರುವ ಪದ ಬೇಕು.

ಇತಿಹಾಸದ ವಿದ್ಯಾರ್ಥಿ:
ನಮ್ಮ ಅಜ್ಜಿ ಮನೆಬಿಟ್ಟು ಹೋದ ಮಾವನನ್ನು ‘ದಿಕ್ಕುಗೇಡಿ’ ಎನ್ನುತ್ತಿದ್ದರು. ಆ ಪದ ಆಡುವಾಗ ಅವರ ಕಣ್ಣಲ್ಲಿ ಸಿಟ್ಟಿಗಿಂತ ನೀರೇ ಹೆಚ್ಚಿರುತ್ತಿತ್ತು.

ಪದಸಾಗರ:
‘ದಿಕ್ಕುಗೇಡಿ’! ಇದಕ್ಕಿಂತ ಒಳ್ಳೆಯ ಪದ ಸಿಗಲಾರದು. ಬರೆದಿಟ್ಟುಕೊಂಡೆ.

ಮೂರನೇ ಬೀದಿ:
ಇಷ್ಟು ಹೊತ್ತು ಎಲ್ಲವನ್ನೂ ಓದಿದೆ. ಯಾರೂ ಎತ್ತದ ಮಾತನ್ನು ಎತ್ತಬೇಕೆನಿಸಿದೆ.

ಈ ಆಲ್ಬಮಿನ ಹಿಂಬದಿಯ ಚಿತ್ರವನ್ನು ನೋಡಿದ್ದೀರಾ? ಕಾಫಿವಿಲ್‌ನಲ್ಲಿ ಸತ್ತ ದರೋಡೆಕೋರರ ಹೆಣಗಳನ್ನು ಸಾಲಾಗಿ ಮಲಗಿಸಿ 1892ರಲ್ಲಿ ತೆಗೆದ ಫೋಟೊ ಒಂದಿದೆ. ಅದನ್ನೇ ಅನುಕರಿಸಿ ಬ್ಯಾಂಡಿನ ನಾಲ್ವರೂ ಅವರ ಗೆಳೆಯರಾದ ಜಾಕ್ಸನ್ ಬ್ರೌನ್ ಮತ್ತು ಜೆ.ಡಿ. ಸೌದರ್ ಅವರೂ ಕೈಕಟ್ಟಿಸಿಕೊಂಡು ಸತ್ತವರಂತೆ ಮಲಗಿದ್ದಾರೆ. ಛಾಯಾಗ್ರಾಹಕ ಹೆನ್ರಿ ಡಿಲ್ಟ್ಸ್. ಲಾಸ್ ಏಂಜಲೀಸ್ ಹೊರವಲಯದ ಹಳೆಯ ಸಿನಿಮಾ ಸೆಟ್ಟಿನಲ್ಲಿ ತೆಗೆದದ್ದು. ಕಲೆಯೆಂದು ನೋಡಿದರೆ ಅದ್ಭುತವಾಗಿದೆ.

ಆದರೆ ಅಂದು ಊರಿನ ನಾಲ್ವರೂ ಸತ್ತರಲ್ಲ, ಅವರ ಹೆಸರು ಹನ್ನೊಂದು ಟ್ರ್ಯಾಕುಗಳಲ್ಲಿ ಎಲ್ಲಿದೆ? ಮಾರ್ಷಲ್ ಚಾರ್ಲ್ಸ್ ಕಾನೆಲಿ, ಅಂಗಡಿಯ ಗುಮಾಸ್ತ ಲೂಷಿಯಸ್ ಬಾಲ್ಡ್‌ವಿನ್, ಜಾರ್ಜ್ ಕ್ಯೂಬೈನ್, ಚಾರ್ಲ್ಸ್ ಬ್ರೌನ್. ಕೊನೆಯ ಇಬ್ಬರು ಬೂಟು ಹೊಲಿಯುವವರು. ಬೆಳಿಗ್ಗೆ ಅಂಗಡಿ ತೆರೆದು ಚರ್ಮ ಕೊಯ್ಯುತ್ತಾ ಕುಳಿತಿದ್ದವರಿಗೆ ಆ ದಿನ ಹಾಗಾಗಬೇಕಿತ್ತೇ? ದರೋಡೆಕೋರನ ಒಂಟಿತನಕ್ಕೆ ಒಂದು ಅಮರಗೀತೆ, ಬೂಟು ಹೊಲಿಯುವವನಿಗೆ ಒಂದು ಸಾಲೂ ಇಲ್ಲ. ನನಗೆ ಇದು ಈ ಆಲ್ಬಮಿನ ದೊಡ್ಡ ಕೊರತೆ. ಹಾಡುಗಳನ್ನು ಪ್ರೀತಿಸುತ್ತಲೇ ಇದನ್ನು ಹೇಳುತ್ತಿದ್ದೇನೆ.

ಆರು ತಂತಿ:
ಈ ಮಾತಿಗೆ ನನ್ನ ಬಳಿ ಸಿದ್ಧ ಉತ್ತರವಿಲ್ಲ. ಆದರೂ ಹಿಂಬದಿಯ ಚಿತ್ರ ದರೋಡೆಕೋರರನ್ನು ಮೆರೆಸುತ್ತಿದೆ ಎಂದು ನನಗೆ ತೋರುವುದಿಲ್ಲ. ಮುಂಬದಿಯಲ್ಲಿ ನಾಲ್ವರೂ ಬಂದೂಕು, ಗುಂಡಿನ ಪಟ್ಟಿ ತೊಟ್ಟು ಠೀವಿಯಿಂದ ನಿಂತಿದ್ದಾರೆ, ತಿರುಗಿಸಿದರೆ ಹೆಣವಾಗಿದ್ದಾರೆ. ಒಂದು ಎಲ್‌ಪಿಯ ಹೊದಿಕೆಯನ್ನು ತಿರುಗಿಸುವ ಕ್ಷಣದಲ್ಲಿಯೇ ಕಥೆ ಮುಗಿಯುತ್ತದೆ. ಹೆಣಗಳ ಹಿಂದೆ ಬಂದೂಕು ಹಿಡಿದು ನಿಂತ ಊರಿನವರ ವೇಷದಲ್ಲಿ ನಿರ್ಮಾಪಕ ಗ್ಲಿನ್ ಜಾನ್ಸ್, ಹೊದಿಕೆಯನ್ನು ವಿನ್ಯಾಸ ಮಾಡಿದ ಗ್ಯಾರಿ ಬರ್ಡನ್ ಮುಂತಾದವರಿದ್ದಾರೆ. ಸಂಗೀತಗಾರನನ್ನು ಬೆಳೆಸಿದವರೇ ಅವನ ಹೆಣದ ಹಿಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದಾರೆ. ಇದನ್ನು ವೈಭವೀಕರಣ ಎನ್ನಲು ನನಗೆ ಮನಸ್ಸು ಬಾರದು.

ಮೂರನೇ ಬೀದಿ:
ಹೊದಿಕೆಯ ಬಗ್ಗೆ ನಿಮ್ಮ ಓದು ಸರಿ. ಬೂಟು ಹೊಲಿಯುವವರ ಬಗ್ಗೆ ನನ್ನ ಪ್ರಶ್ನೆಯೂ ಉಳಿಯಲಿ.

ಓಕ್ಲಹೋಮಾದಿಂದ:
ನಾನು ಇರುವುದು ಟಲ್ಸಾದಲ್ಲಿ. ಕಾಫಿವಿಲ್ ಇಲ್ಲಿಂದ ಉತ್ತರಕ್ಕೆ, ರಾಜ್ಯದ ಗಡಿ ದಾಟಿದರೆ ಸಿಕ್ಕಿಬಿಡುತ್ತದೆ. ಎರಡು ವರ್ಷದ ಹಿಂದೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ‘ಮೂರನೇ ಬೀದಿ’ಯವರಿಗೆ ಸಮಾಧಾನವಾಗಬಹುದಾದ ಸಂಗತಿ ಏನೆಂದರೆ, ಆ ಊರು ತನ್ನ ಮ್ಯೂಸಿಯಮ್ಮಿಗೆ ದರೋಡೆಕೋರರ ಹೆಸರನ್ನಷ್ಟೇ ಇಟ್ಟಿಲ್ಲ, ಡಾಲ್ಟನ್ನರಿಂದ ಊರನ್ನು ಕಾಪಾಡಿದವರ ಹೆಸರಿನಲ್ಲಿ ಅದನ್ನು ನಡೆಸುತ್ತಿದೆ. ಪ್ರತಿ ಅಕ್ಟೋಬರಿನಲ್ಲಿ ಆ ನಾಲ್ವರ ನೆನಪಿನ ಉತ್ಸವವೂ ನಡೆಯುತ್ತದೆ. ಕಾಂಡನ್ ಬ್ಯಾಂಕಿನ ಕಟ್ಟಡ ಈಗಲೂ ನಿಂತಿದೆ.

ನನ್ನ ಮನಸ್ಸಿನಲ್ಲಿ ಉಳಿದದ್ದು ಎಲ್ಮ್‌ವುಡ್ ಸ್ಮಶಾನ. ಬಾಬ್, ಗ್ರ್ಯಾಟ್, ಬಿಲ್ ಪವರ್ ಮೂವರನ್ನೂ ಅಲ್ಲಿ ಒಂದೇ ಕಡೆ ಹೂಳಿದ್ದಾರೆ. ಬಹಳ ವರ್ಷ ಆ ಸಮಾಧಿಗೆ ಕಲ್ಲೇ ಇರಲಿಲ್ಲ, ಅವರು ಆ ಓಣಿಯಲ್ಲಿ ಕುದುರೆ ಕಟ್ಟಿದ್ದ ಕಬ್ಬಿಣದ ಕೊಳವೆಯನ್ನೇ ಗುರುತಾಗಿ ನೆಟ್ಟಿದ್ದರು. ಮುಂದೆ ಎಮೆಟ್ ಸೆರೆಯಿಂದ ಬಿಡುಗಡೆಯಾಗಿ ಬಂದು ಕಲ್ಲು ಹಾಕಿಸಿದ. ಅದೇ ಸ್ಮಶಾನದಲ್ಲಿ ಹಿರಿಯ ಸಹೋದರ ಫ್ರ್ಯಾಂಕ್ ಡಾಲ್ಟನ್‌ನ ಸಮಾಧಿಯೂ ಇದೆ. ಅವನು ಡೆಪ್ಯುಟಿ ಮಾರ್ಷಲ್, 1887ರಲ್ಲಿ ಕರ್ತವ್ಯದ ಮೇಲಿದ್ದಾಗ ಗುಂಡಿಗೆ ಬಲಿಯಾದವನು. ಸಹೋದರರೂ ದಾರಿ ತಪ್ಪುವ ಮೊದಲು ಕೆಲಕಾಲ ಪೊಲೀಸ್ ಕೆಲಸದಲ್ಲಿಯೇ ಇದ್ದವರು. ನನ್ನ ಮಗಳು ಆ ತುಕ್ಕು ಹಿಡಿದ ಕೊಳವೆಯನ್ನು ಮುಟ್ಟಿ ನೋಡಿ, ಇವರಿಗೆ ಕುದುರೆ ಬಿಚ್ಚಿಕೊಳ್ಳಲೂ ಸಮಯ ಸಿಗಲಿಲ್ಲವೇ ಅಪ್ಪಾ ಎಂದಳು. ವಾಪಸ್ ಬರುವಾಗ ಕಾರಿನಲ್ಲಿ ಆಲ್ಬಂ ಹಾಕಿದ್ದೆವು, ಇಬ್ಬರೂ ಮಾತಾಡಲಿಲ್ಲ.

ಸಂಜೆಮಲ್ಲಿಗೆ:
ಎಮೆಟ್ ಮುಂದೆ ಏನಾದ?

ಇತಿಹಾಸದ ವಿದ್ಯಾರ್ಥಿ:
ಜೀವಾವಧಿ ಶಿಕ್ಷೆಯಾಗಿತ್ತು, 1907ರಲ್ಲಿ ಕ್ಷಮೆ ಸಿಕ್ಕಿತು. ಲಾಸ್ ಏಂಜಲೀಸ್‌ಗೆ ಹೋಗಿ ನೆಲೆಸಿದ, ಸಿನಿಮಾದವರ ಜೊತೆ ಕೆಲಸ ಮಾಡಿದ, ತನ್ನ ಕಥೆಯನ್ನು ಪುಸ್ತಕವಾಗಿ ಬರೆದ, 1937ರಲ್ಲಿ ತೀರಿಕೊಂಡ. ಅಂದರೆ ನಿಜವಾದ ಡಾಲ್ಟನ್ ಒಬ್ಬ, ತನ್ನ ಕಥೆಯನ್ನು ಮಾರಲು, ಮುಂದೆ ಈಗಲ್ಸ್ ಬದುಕಿದ ಊರಿಗೇ ಬಂದಿದ್ದ.

ಹಳೆಯ ಕ್ಯಾಸೆಟ್:
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಬ್ಯಾಂಜೊಪ್ರಿಯ:
ತಡವಾಗಿ ಬಂದೆ, ಕ್ಷಮಿಸಿ. ಮಹತ್ವದ ಪ್ರಶ್ನೆಗೆ ಹಿಂದಿರುಗೋಣ. ಕಾನ್ಸೆಪ್ಟ್ ಆಲ್ಬಂ ಎಂಬ ಅಳತೆಗೋಲಿನಿಂದ ನೋಡಿದರೆ ವಿಲ್ಲಿ ನೆಲ್ಸನ್ ಅವರ 1975ರ ‘ರೆಡ್ ಹೆಡೆಡ್ ಸ್ಟ್ರೇಂಜರ್’ ಇದಕ್ಕಿಂತ ಎಷ್ಟೋ ಬಿಗಿಯಾದದ್ದು. ಹೆಂಡತಿಯನ್ನೂ ಅವಳ ಪ್ರಿಯಕರನನ್ನೂ ಕೊಂದು ಅಲೆಯುವ ಒಬ್ಬ ಪಾದ್ರಿಯ ಕಥೆ, ಮೊದಲಿನಿಂದ ಕೊನೆಯವರೆಗೆ ಒಂದೇ ಎಳೆ. ಟೆಕ್ಸಸ್‌ನ ಸಣ್ಣ ಸ್ಟುಡಿಯೊದಲ್ಲಿ, ಗಿಟಾರ್, ಪಿಯಾನೊ ಮತ್ತು ಒಂದೆರಡು ವಾದ್ಯಗಳಲ್ಲಿ ಮುಗಿಸಿದ್ದು. ಕಂಪನಿಯವರು ಇದು ಪೂರ್ಣಗೊಂಡ ಧ್ವನಿಮುದ್ರಣವೇ ಅಲ್ಲ ಎಂದುಕೊಂಡರಂತೆ. ನನ್ನ ಮಟ್ಟಿಗೆ ಪಟ್ಟ ಅದಕ್ಕೇ ಸಲ್ಲಬೇಕು.

ಆರು ತಂತಿ:
ಅದು ಶುದ್ಧ ಕಂಟ್ರಿ, ಕಂಟ್ರಿ ರಾಕ್ ಅಲ್ಲ. ಅಲ್ಲದೆ ಅದು ಬಂದದ್ದು ಎರಡು ವರ್ಷದ ನಂತರ.

ಬ್ಯಾಂಜೊಪ್ರಿಯ:
ಗೆರೆ ಎಳೆಯುವುದು ಅಷ್ಟು ಸುಲಭವಲ್ಲ ಸರ್. ಬರ್ನಿ ಲೆಡನ್ ನುಡಿಸುವ ಬ್ಯಾಂಜೊ ಯಾವ ಕಂಟ್ರಿ ವಾದಕನಿಗೂ ಕಡಿಮೆಯಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟು: 1970ರ ದಶಕದ ಆರಂಭದಲ್ಲಿ ‘ಔಟ್‌ಲಾ’, ಅಂದರೆ ಕಾನೂನಿನ ಆಚೆಗಿನವನು, ಎಂಬ ಪದ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ನಲ್ಲಿಯೂ ಕ್ಯಾಲಿಫೋರ್ನಿಯಾದಲ್ಲಿಯೂ ಗಾಳಿಯಲ್ಲಿಯೇ ಇತ್ತು. ವೇಲನ್ ಜೆನ್ನಿಂಗ್ಸ್ 1972ರಲ್ಲಿ ಆ ಪದವನ್ನು ಆಲ್ಬಮಿನ ಹೆಸರಿಗೇ ತಂದರು. 1976ರಲ್ಲಿ ಜೆನ್ನಿಂಗ್ಸ್, ನೆಲ್ಸನ್ ಮುಂತಾದವರ ಹಾಡುಗಳನ್ನು ಕೂಡಿಸಿದ ‘ವಾಂಟೆಡ್! ದಿ ಔಟ್‌ಲಾಸ್’ ಬಂತು, ಅದು ಹತ್ತು ಲಕ್ಷ ಪ್ರತಿಗಳ ಮಾರಾಟಕ್ಕೆ ಕೊಡುವ ಪ್ಲಾಟಿನಂ ಮನ್ನಣೆ ಪಡೆದ ಮೊದಲ ಕಂಟ್ರಿ ಆಲ್ಬಂ. ಎರಡು ಊರಿನವರೂ ಕಂಪನಿಗಳ ಹಿಡಿತದಿಂದ ತಪ್ಪಿಸಿಕೊಳ್ಳಲು ಒಂದೇ ಟೊಪ್ಪಿಗೆ ಹಾಕಿಕೊಂಡರು. ‘ಡೆಸ್ಪೆರಾಡೊ’ ಆ ಗಾಳಿಯಲ್ಲಿ ಮೊದಲು ಬಿದ್ದ ಹನಿಗಳಲ್ಲಿ ಒಂದು.

ನಿಷ್ಠುರವಾದಿ:
ಮೊದಲು ಬಿದ್ದ ಹನಿ ಯಾರನ್ನೂ ಒದ್ದೆ ಮಾಡಲಿಲ್ಲ. ‘ಟಕೀಲಾ ಸನ್‌ರೈಸ್’ 64ನೇ ಸ್ಥಾನ, ‘ಔಟ್‌ಲಾ ಮ್ಯಾನ್’ 59ನೇ ಸ್ಥಾನ. ‘ಡೆಸ್ಪೆರಾಡೊ’ ಹಾಡನ್ನು ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ, ಹೊರತರಲೇ ಇಲ್ಲ.

ಬ್ಯಾಂಜೊಪ್ರಿಯ:
ಹೌದು, ಹಾಗಿದ್ದೂ ಆ ಹಾಡು ಉಳಿಯಿತು. ಅದೇ ವರ್ಷ ಲಿಂಡಾ ರಾನ್‌ಸ್ಟಾಟ್ ಹಾಡಿದರು, 1975ರಲ್ಲಿ ಕಾರ್ಪೆಂಟರ್ಸ್ ಹಾಡಿದರು, 2002ರಲ್ಲಿ ಬದುಕಿನ ಕೊನೆಯ ಹಂತದಲ್ಲಿದ್ದ ಜಾನಿ ಕ್ಯಾಶ್ ಹಾಡಿದರು. ಕ್ಯಾಶ್ ಅವರ ದನಿ ಆಗಲೇ ನಡುಗುತ್ತಿತ್ತು. ವಯಸ್ಸಾಗುತ್ತಿದೆ, ಮನೆಗೆ ಬಾ ಎಂಬ ಅರ್ಥದ ಮಾತನ್ನು ಇಪ್ಪತ್ತೈದರ ಹೆನ್ಲಿ ಹಾಡಿದಾಗ ಅದು ಬುದ್ಧಿವಾದವಾಗಿತ್ತು. ಎಪ್ಪತ್ತರ ಕ್ಯಾಶ್ ಹಾಡಿದಾಗ ತನಗೆ ತಾನೇ ಹೇಳಿಕೊಂಡಂತಾಯಿತು. 1993ರಲ್ಲಿ ನ್ಯಾಶ್‌ವಿಲ್‌ನ ಗಾಯಕರೆಲ್ಲ ಸೇರಿ ಈಗಲ್ಸ್ ಹಾಡುಗಳ ಗೌರವ ಆಲ್ಬಂ ತಂದರು. ಇವರು ಹಾಡುವುದು ಕಂಟ್ರಿಯೇ ಅಲ್ಲ ಎಂಬ ಮಾತು ಅಲ್ಲಿಗೆ ನಿಂತಿತು.

ಆರು ತಂತಿ:
ನಾದದ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಗ್ಲಿನ್ ಜಾನ್ಸ್ ಈ ಬ್ಯಾಂಡಿನಲ್ಲಿ ಕಂಡದ್ದು ನಾಲ್ಕು ದನಿಗಳನ್ನು ಮತ್ತು ಕಟ್ಟಿಗೆಯ ಗಿಟಾರುಗಳನ್ನು. ಹೆನ್ಲಿ, ಫ್ರೇ ಅವರಿಗೆ ಇನ್ನಷ್ಟು ಗಟ್ಟಿ ರಾಕ್ ಬೇಕಿತ್ತು. ಈ ಜಗಳದಿಂದಲೇ 1974ರ ‘ಆನ್ ದಿ ಬಾರ್ಡರ್’ ಕೆಲಸದ ನಡುವೆ ಅವರು ಜಾನ್ಸ್ ಅವರನ್ನು ಬಿಟ್ಟು ಬಿಲ್ ಶಿಮ್‌ಚಿಕ್ ಅವರ ಕಡೆ ಹೋದರು. ಡಾನ್ ಫೆಲ್ಡರ್ ಸೇರಿದರು, ಎಲೆಕ್ಟ್ರಿಕ್ ಗಿಟಾರ್ ದಪ್ಪವಾಯಿತು. ಲೆಡನ್ 1975ರಲ್ಲಿ ಹೊರಟರು, ಬ್ಯಾಂಜೊ ಅವರೊಂದಿಗೇ ಹೋಯಿತು. ಮೈಸ್ನರ್ 1977ರಲ್ಲಿ ಹೊರಟರು. ಆದ್ದರಿಂದ ಆ ನಾಲ್ವರೇ, ಆ ಬಿಡುವಾದ ನಾದದಲ್ಲಿ, ಒಂದೇ ಕಥೆಯನ್ನು ಹೇಳಿದ ಆಲ್ಬಂ ಇದೊಂದೇ.

ಬ್ಯಾಂಡಿನವರ ಮುಖವನ್ನು ಮುಂಬದಿಯಲ್ಲಿ ಕಾಣುವುದೂ ಅವರ ಸ್ಟುಡಿಯೊ ಆಲ್ಬಂಗಳಲ್ಲಿ ಇದರಲ್ಲಿ ಮಾತ್ರ.

ತುಂಗಾತೀರ:
ಫ್ರೇ 2016ರಲ್ಲಿ, ಮೈಸ್ನರ್ 2023ರಲ್ಲಿ, ಸೌದರ್ 2024ರಲ್ಲಿ ಹೋದರು. ಹಿಂಬದಿಯ ಚಿತ್ರವನ್ನು ಈಗ ನೋಡಲಾಗುವುದಿಲ್ಲ.

ಮೂರನೇ ಬೀದಿ:
ನಿಜ. ಈ ಮಾತಿಗೆ ನಾನೂ ತಲೆಬಾಗುತ್ತೇನೆ.

ನಿಷ್ಠುರ​ವಾದಿ:
ನಾನು ನಿನ್ನೆ ರಾತ್ರಿ ಇಡೀ ಆಲ್ಬಮನ್ನು ಮತ್ತೆ ಕೇಳಿದೆ. ಕೊನೆಯ ಮರುಗಾಯನದಲ್ಲಿ ಇಸ್ಪೀಟಿನ ರಾಣಿಯರು ಮರಳಿ ಬರುತ್ತಾರೆ. ಮೊದಲ ಬದಿಯ ಕೊನೆಯಲ್ಲಿ ಡೈಮಂಡ್ ರಾಣಿಯನ್ನು ನಂಬಬೇಡ, ಹಾರ್ಟ್ ರಾಣಿಯೇ ನಿನಗೆ ಒಳ್ಳೆಯವಳು ಎಂದು ಎಚ್ಚರಿಸಿದ್ದರು. ಎರಡನೆಯ ಬದಿಯ ಕೊನೆಯಲ್ಲಿ ಡೈಮಂಡ್ ರಾಣಿ ಕೈಕೊಟ್ಟಾಗಿದೆ, ಹಾರ್ಟ್ ರಾಣಿಯ ಭೇಟಿ ಆಗಲೇ ಇಲ್ಲ. ಎಚ್ಚರಿಕೆ ಮತ್ತು ಅದು ನಿಜವಾದದ್ದು, ಎರಡರ ನಡುವೆ ಒಂದು ಬದಿಯಷ್ಟು ಹಾಡುಗಳು. ಇದು ಬಿಡಿ ಹಾಡುಗಳ ಕಟ್ಟು ಎಂಬ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ‘ಔಟ್ ಆಫ್ ಕಂಟ್ರೋಲ್’ ಬಗ್ಗೆ ಆಡಿದ್ದನ್ನು ಹಿಂದಕ್ಕೆ ಪಡೆಯುವುದಿಲ್ಲ.

ಹಳೆಯ ಕ್ಯಾಸೆಟ್:
ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು, ಕೇಳದೆ ಇದ್ದ ಪ್ರಶ್ನೆಗಳಿಗೂ ಸಿಕ್ಕಿತು. ಇವತ್ತು ಮಧ್ಯಾಹ್ನ ಅಟ್ಟದ ಮೇಲಿನ ಪೆಟ್ಟಿಗೆಯಿಂದ ಆ ಕ್ಯಾಸೆಟ್ಟನ್ನು ಹುಡುಕಿ ತೆಗೆದೆ. ಒಳಗಿನ ಕಾಗದದ ಮೇಲೆ ಗೆಳೆಯ ನೀಲಿ ಶಾಯಿಯಲ್ಲಿ ಹಾಡುಗಳ ಹೆಸರನ್ನು ಕನ್ನಡದಲ್ಲಿಯೇ ಬರೆದಿದ್ದಾನೆ. ಐದನೆಯ ಹಾಡಿನ ಎದುರು ‘ಡೆಸ್ಪರೇಟ್’ ಎಂದು ತಪ್ಪಾಗಿ ಬರೆದು, ಹೊಡೆದುಹಾಕಿ, ಪಕ್ಕದಲ್ಲಿ ‘ಡೆಸ್ಪೆರಾಡೊ’ ಎಂದು ತಿದ್ದಿದ್ದಾನೆ. ಅವನ ಈಗಿನ ವಿಳಾಸ ನನ್ನ ಬಳಿ ಇಲ್ಲ. ನಾಳೆ ಹಾಸ್ಟೆಲಿನ ಹಳೆಯ ಗೆಳೆಯರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ವಿಚಾರಿಸುತ್ತೇನೆ.